ಕೊಸರು

ಪ್ರೀತಿಯ ತಮ್ಮಾ,

ನೀನು ಕಳಿಸಿದ ಅಧ್ಯಾಯಗಳನ್ನು ಓದಿದೆ. ನವೆಂಬರ್ ತಿಂಗಳ 30 ದಿನದಲ್ಲಿ 50,000 ಪದದ ಕಾದಂಬರಿ ಬರೆಯುವ ಸವಾಲಿಗೆ ಇಳಿದಿದ್ದೀಯ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ 21 ಜನ ಶುರು ಮಾಡಿದ್ದು ಅದು. ದಿನಕ್ಕೆ ಸುಮಾರು 1,667 ಪದ. ಬಸ್ಸಲ್ಲಿ ನಿಂತುಕೊಂಡೇ ಮೊಬೈಲಲ್ಲಿ ಬರೆದೆಯಲ್ಲ, ಶಭಾಷ್. ಆದರೆ ಆ ಲೆಕ್ಕ ಇಂಗ್ಲಿಷಿನವರದು. 'ಹೋಗಬೇಕಾಗಿತ್ತು' ನಮಗೆ ಒಂದೇ ಪದ, ಅವರಿಗೆ ಮೂರು ನಾಲ್ಕು. ನೀನು 30,000 ಮುಟ್ಟಿದರೂ ನನ್ನ ಲೆಕ್ಕದಲ್ಲಿ ಗೆದ್ದ ಹಾಗೇ.

ಪಿಜಿ ಓನರ್ ಅಡ್ವಾನ್ಸ್ ಹಿಡಿದುಕೊಂಡ ಅಧ್ಯಾಯ ಮಾತ್ರ ನನಗೆ ಹಿಡಿಸಲಿಲ್ಲ. 'ನಿಜವಾಗ್ಲೂ ಹೀಗೇ ಆಗಿದ್ದು ಅಣ್ಣಾ' ಅಂತ ಬರೆದಿದ್ದೀಯ. ಆಗಿರಬಹುದು, ಅನುಮಾನವಿಲ್ಲ. ಆದರೆ ಅಲ್ಲಿ ನಿನ್ನ ಸಿಟ್ಟು ಬಿಟ್ಟರೆ ಬೇರೆ ಯಾರೂ ಇಲ್ಲ.

ನನ್ನ ಅನುಭವ ಹೇಳುತ್ತೇನೆ. ಏಳು ವರ್ಷದವನಿದ್ದಾಗ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ತಪ್ಪಿಸಿಕೊಂಡಿದ್ದೆ. ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿ ರಸ್ತೆ ತುಂಬ ಜನ. ಕಡಲೆಕಾಯಿ ಮಾರುವ ಹೆಂಗಸೊಬ್ಬಳು ನನ್ನನ್ನು ಪಕ್ಕದಲ್ಲಿ ಗೋಣಿಚೀಲದ ಮೇಲೆ ಕೂರಿಸಿಕೊಂಡಳು. ಹತ್ತು ನಿಮಿಷದಲ್ಲಿ ಅಮ್ಮ ಬಂದಳು, ಬೆನ್ನಿಗೆ ಒಂದು ಕೊಟ್ಟಳು, ಒಂದು ಸೇರು ಕಡಲೆಕಾಯಿ ಕೊಂಡಳು. ಇಷ್ಟೇ. ಇದನ್ನು ಎಷ್ಟು ಸಲ ಬರೆದೆನೋ! ಪ್ರತಿ ಸಲವೂ ಅಳುವ ಹುಡುಗ, ಓಡಿ ಬರುವ ಅಮ್ಮ. ಸಪ್ಪೆ.

ಆಮೇಲೊಂದು ದಿನ ಗೆಳೆಯರ ನಡುವೆ ಸವಾಲು ಬಂತು: 300 ಪದ, ಒಂದು ಗಂಟೆ, 'ನಾನು' ಬರಕೂಡದು. ಬೇರೆ ದಾರಿಯಿಲ್ಲದೆ ಆ ಹೆಂಗಸಿನ ಪಕ್ಕ ಕೂತೆ. ಸೇರಿನಲ್ಲಿ ಅಳೆದು, ಮೇಲೊಂದು ಹಿಡಿ ಕೊಸರು ಹಾಕುವ ಅವಳ ಕೈ ಕಾಣಿಸಿತು. ಬೊಗಸೆ ಅಲ್ಲ, ಬರೀ ಒಂದು ಹಿಡಿ, ಬೆರಳ ಸಂದಿಯಿಂದ ಎರಡು ಕಾಯಿ ಜಾರುತ್ತಿದ್ದವು. ಅದು ನಿಜ. ಈ ಮಗುವಿನ ತಾಯಿ ಇನ್ನೂ ಸ್ವಲ್ಪ ಹೊತ್ತು ಬರದಿದ್ದರೆ ಅಂತ ಅವಳಿಗೆ ಅನ್ನಿಸಿತಲ್ಲ, ಅದು ನಾನು ಕಟ್ಟಿದ್ದು. ಕಥೆ ಶುರುವಾಗಿದ್ದೇ ಅಲ್ಲಿ. ಹೊತ್ತು ಕಮ್ಮಿ ಇದ್ದಾಗ, ಪದ ಎಣಿಸುತ್ತಿರುವಾಗ, 'ಹೀಗೇ ಆಗಿತ್ತಾ?' ಅಂತ ಕೇಳಿಕೊಳ್ಳಲು ಪುರುಸೊತ್ತಿರುವುದಿಲ್ಲ. ಸವಾಲುಗಳಿಂದ ನನಗೆ ಸಿಕ್ಕ ದೊಡ್ಡ ಲಾಭ ಅದು.

ನಿನ್ನ ಅಧ್ಯಾಯದಲ್ಲೂ ಒಂದು ಸಾಲಿದೆ, ನೀನು ಸುಮ್ನೆ ದಾಟಿ ಹೋಗಿದ್ದೀಯ. ಓನರ್ ಮಗಳ ಶಾಲೆಯ ಡೈರಿ ತಿರುಗಿಸಿ, ಹಿಂದಿನ ಹಾಳೆಯಲ್ಲಿ ನಿನ್ನ ಲೆಕ್ಕ ಬರೆದ ಅನ್ನುವ ಸಾಲು. ಸುಣ್ಣಬಣ್ಣಕ್ಕೆ ಇಷ್ಟು, ಮುರಿದ ನಲ್ಲಿಗೆ ಇಷ್ಟು. ಮರುದಿನ ಆ ಹುಡುಗಿ ತರಗತಿಯಲ್ಲಿ ಡೈರಿ ತೆಗೆಯುತ್ತಾಳೆ, ಅಲ್ವಾ? ಅವಳ ಕಡೆಯಿಂದ 500 ಪದದಲ್ಲಿ ಬರಿ. 'ಅಡ್ವಾನ್ಸ್' ಅನ್ನುವ ಮಾತು ಎಲ್ಲೂ ಬರಬಾರದು. ಓನರ್ ಹೆಸರೊಂದನ್ನೇ ಅಲ್ಲ, ಏರಿಯಾ, ವಯಸ್ಸು ಎಲ್ಲ ಬದಲಿಸು.

ಬರೆದು ಮುಗಿದ ಮೇಲೆ ಪರಿಷೆಗೆ ಬಾ. ಗುಡಿಯ ಮೆಟ್ಟಿಲ ಹತ್ತಿರ ಕಾಯುತ್ತಿರುತ್ತೇನೆ. ಕಡಲೆಕಾಯಿ ತಿನ್ನುತ್ತಾ ಓದೋಣ.

ನಿನ್ನ,
ಅಣ್ಣ