ಐವತ್ತು ಗಂಟೆಗಳ ಋಣ

ದಾವಣಗೆರೆಯ ನಮ್ಮ ಕ್ರೈಸ್ತ ಸಭೆಯ ಮೂವರು ಬೈಬಲ್ ಆಧಾರಿತ ಆಪ್ತಸಮಾಲೋಚಕರಾಗಿ ಈ ತಿಂಗಳು ಪ್ರಮಾಣಪತ್ರ ಪಡೆದಿದ್ದೇವೆ. ಪತ್ರದ ಮೇಲಿರುವುದು ನಮ್ಮ ಹೆಸರಾದರೂ ಅದಕ್ಕಾಗಿ ದುಡಿದವರು ಹಲವರಿರುವುದರಿಂದ, ಅವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಬಹಿರಂಗವಾಗಿಯೇ ಸಲ್ಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಾವು ಅನುಸರಿಸಿದ್ದು ಅಮೆರಿಕದಲ್ಲಿ 1976ರಲ್ಲಿ ಆರಂಭವಾಗಿ ಈಗ ಎಸಿಬಿಸಿ (ಅಸೋಸಿಯೇಷನ್ ಆಫ್ ಸರ್ಟಿಫೈಡ್ ಬಿಬ್ಲಿಕಲ್ ಕೌನ್ಸೆಲರ್ಸ್) ಎಂದು ಹೆಸರಾಗಿರುವ ಸಂಸ್ಥೆಯ ಕ್ರಮವನ್ನು. 30 ಗಂಟೆಗಳ ಮೂಲ ತರಬೇತಿ, ಅನುಭವಿಗಳ ಸಮಾಲೋಚನೆಯನ್ನು 10 ಗಂಟೆ ಗಮನಿಸುವುದು, 1,000 ಪುಟಗಳ ಓದು, ದೈವಶಾಸ್ತ್ರ ಹಾಗೂ ಸಮಾಲೋಚನೆಯ ಲಿಖಿತ ಪರೀಕ್ಷೆಗಳು, ಇವೆಲ್ಲ ಹೇಗೋ ಮುಗಿದವು. ನಿಜವಾಗಿ ನಮ್ಮನ್ನು ಹಣ್ಣು ಮಾಡಿದ್ದು ಕೊನೆಯ ಹಂತ, ಅಂದರೆ ಮೇಲ್ವಿಚಾರಕರ ಮಾರ್ಗದರ್ಶನದಲ್ಲಿ ನಾವೇ ನಡೆಸಬೇಕಾದ 50 ಗಂಟೆಗಳ ಸಮಾಲೋಚನೆ.

ಪ್ರತಿ ಭೇಟಿಯ ನಂತರ ವರದಿ ಬರೆದು ಕಳುಹಿಸಬೇಕಿತ್ತು. ಒಮ್ಮೆ ಧ್ವನಿಮುದ್ರಿಕೆಯನ್ನು ಕೇಳಿದ ಮೇಲ್ವಿಚಾರಕರು, ಒಂದು ಗಂಟೆಯ ಭೇಟಿಯಲ್ಲಿ 40 ನಿಮಿಷ ನಾನೇ ಮಾತಾಡಿದ್ದೇನೆಂದು ಲೆಕ್ಕ ಹಾಕಿ ತೋರಿಸಿ, ಜ್ಞಾನೋಕ್ತಿ 18:13 ಅನ್ನು ಓದಿಕೊಳ್ಳಿ ಎಂದಷ್ಟೇ ಬರೆದರು. ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವುದು ಮೂರ್ಖತನವೆನ್ನುವ ವಚನವದು. ಜೀವಮಾನವಿಡೀ ಪ್ರೌಢಶಾಲೆಯಲ್ಲಿ ಪಾಠ ಹೇಳಿದವಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ. ಎರಡು ದಿನ ಸಿಟ್ಟಿನಲ್ಲಿದ್ದೆ. ಮೂರನೆಯ ದಿನ ಮುದ್ರಿಕೆಯನ್ನು ನಾನೇ ಕೇಳಿದೆ. ಸಮಾಲೋಚನೆಗೆ ಬಂದಿದ್ದ ತಾಯಿ ಮೂರು ಸಲ ಏನೋ ಹೇಳಲು ಬಾಯಿ ತೆರೆದಿದ್ದರು, ಮೂರು ಸಲವೂ ನಾನು ಅಡ್ಡ ಬಂದಿದ್ದೆ. ಆ ಮೇಲ್ವಿಚಾರಕರಿಗೆ ನನ್ನ ಮೊದಲ ವಂದನೆ.

ಅವರಿಗೆ ಕನ್ನಡ ಬಾರದು. ಹೀಗಾಗಿ ಸಮಾಲೋಚನೆಗೆ ಬಂದವರ ಲಿಖಿತ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು, ಗೋಪ್ಯತೆಗೆ ತಾನೂ ಸಹಿ ಹಾಕಿ ವರದಿಗಳನ್ನು ಅನುವಾದಿಸಿಕೊಟ್ಟವನು ನಮ್ಮ ಯುವಜನ ಸಂಘದ ಒಬ್ಬ ಹುಡುಗ. ಮಗನನ್ನು ನೆನೆದು ಒಬ್ಬ ತಾಯಿ “ಹೊಟ್ಟೆ ಉರೀತದೆ” ಎಂದದ್ದನ್ನು ಅವನು ಇದ್ದಂತೆಯೇ ಅನುವಾದಿಸಲು, ಅವರನ್ನು ವೈದ್ಯರಿಗೆ ತೋರಿಸಿದಿರಾ ಎಂಬ ಪ್ರಶ್ನೆ ಅಲ್ಲಿಂದ ಬಂತು. ಸಂಕಟಕ್ಕೂ ಅಸೂಯೆಗೂ ನಮ್ಮಲ್ಲಿ ಹೊಟ್ಟೆಯೇ ಉರಿಯುತ್ತದೆಂದು ವಿವರಿಸಲು ಅವನಿಗೆ ಅರ್ಧ ಪುಟ ಬೇಕಾಯಿತು.

ವೈದ್ಯರ ಮಾತು ಬೇರೊಂದು ಸಂದರ್ಭದಲ್ಲಿ ನಿಜವಾಗಿಯೇ ಬಂತು. ವಾರಗಟ್ಟಲೆ ನಿದ್ದೆಯಿಲ್ಲದೆ, ಯಾರೋ ಕರೆದಂತಾಗುತ್ತದೆ ಎನ್ನುತ್ತಿದ್ದ ಒಬ್ಬರ ವರದಿ ತಲುಪಿದ ದಿನವೇ, ಪ್ರಾರ್ಥನೆ ನಿಲ್ಲಿಸಬೇಡಿ, ಆದರೆ ನಾಳೆಯೇ ಮನೋವೈದ್ಯರ ಬಳಿ ಕರೆದೊಯ್ಯಿರಿ ಎಂಬ ಸೂಚನೆ ಬಂತು. ನಮ್ಮ ಪ್ರಮಾಣಪತ್ರ ಚಿಕಿತ್ಸೆ ನೀಡುವ ಪರವಾನಗಿಯಲ್ಲ. ಮಾತ್ರೆ ಬಿಡಿ ಎನ್ನುವ ಅಧಿಕಾರವೂ ನಮಗಿಲ್ಲ. ಆ ಕುಟುಂಬವನ್ನು ತಾಳ್ಮೆಯಿಂದ ಕಂಡ ವೈದ್ಯರಿಗೆ ನಾನು ಋಣಿ.

ಪ್ರಮಾಣಪತ್ರ ಬಂದಾಕ್ಷಣ ಕೆಲಸ ವಹಿಸಿಬಿಡದೆ, ನಮ್ಮನ್ನು ಮತ್ತೊಮ್ಮೆ ಪ್ರಶ್ನಿಸಿ ಒಪ್ಪಿದ ಸಭಾಪಾಲಕರಿಗೂ ಹಿರಿಯರಿಗೂ ವಂದನೆಗಳು. ನಮ್ಮ ನಡತೆಯನ್ನು ಹತ್ತಿರದಿಂದ ಬಲ್ಲವರು ಅವರೇ ತಾನೇ? ತಮ್ಮ ನೋವನ್ನು ನಮ್ಮ ಕಲಿಕೆಗೆ ಒಡ್ಡಿದವರ ಹೆಸರನ್ನು ಇಲ್ಲಿ ಬರೆಯುವಂತಿಲ್ಲ, ಅವರಿಗೆ ಗೊತ್ತಿದೆ.

ಕೊನೆಯದಾಗಿ ನಮ್ಮ ಅಜ್ಜಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಬ್ಬರೇ ಇರಬಾರದೆಂದು ಬಾಗಿಲಿಗೆ ಗಾಜು ಹಾಕಿಸಿ, ಹೊರಗೆ ಒಬ್ಬರು ಇರಬೇಕೆಂದು ಸಭೆ ನಿಯಮ ಮಾಡಿತ್ತು. ಮಾತು ಕೇಳಿಸದಷ್ಟು ದೂರದ ಬೆಂಚಿನಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಲೋ, ಅವರೆಕಾಯಿ ಸುಲಿಯುತ್ತಲೋ ನನ್ನ 50 ಗಂಟೆಗಳನ್ನೂ ಅವರು ಕೂತು ಕಳೆದರು. ಒಳಗೆ ಏನಾಯಿತೆಂದು ಒಂದು ದಿನವೂ ಕೇಳಲಿಲ್ಲ. ಭಾನುವಾರ ಶಾಲು ಹೊದಿಸಲು ಹೋದರೆ, “ಶಾಲು ಯಾಕವ್ವ, ಆ ಬೆಂಚಿನ ಕಾಲು ಅಲುಗಾಡ್ತದೆ, ಮೊದಲು ಅದನ್ನ ಸರಿಮಾಡಿಸು” ಎಂದರು. ಮರುದಿನವೇ ಬಡಗಿಯನ್ನು ಕರೆಸಿ ಸರಿಮಾಡಿಸಿದ್ದೇನೆ.