ಕಳ್ಳಿ ನೆಡಲು ಹೊರಟ ಗೆಳೆಯನಿಗೆ

ಜತ್ತ

ಪ್ರೀತಿಯ ಗೆಳೆಯಾ,

ಪಾಪಾಸುಕಳ್ಳಿಯ ಎಲೆ ಕಳುಹಿಸು, ಹಿತ್ತಲಿನಲ್ಲಿ ನೆಡುತ್ತೇನೆ ಎಂದು ಬರೆದಿದ್ದೀಯ. ತಿನ್ನುವುದಕ್ಕೆ ಎಂದಾಗ ಮನೆಯವರೆಲ್ಲ ನಕ್ಕರಂತೆ. ನಗಲಿ ಬಿಡು. ನಮ್ಮ ಕಡೆ ಕಲ್ಲುಕಂಬ ನಿಲ್ಲಿಸಿ, ಹನಿ ನೀರಾವರಿ ಹಾಕಿಸಿ ಡ್ರ್ಯಾಗನ್ ಹಣ್ಣು ಬೆಳೆಯುತ್ತಾರೆ. 2021ರಲ್ಲಿ ನಮ್ಮ ಸಾಂಗ್ಲಿ ಜಿಲ್ಲೆಯ ಹಣ್ಣು ದುಬೈಗೂ ಹೋಯಿತು. ಅದೂ ಕಳ್ಳಿಯ ಜಾತಿಯೇ ತಾನೆ? ಅದಕ್ಕೆ ದುಡ್ಡು ಸುರಿಯುವವರು ಬೇಲಿಯ ಕಳ್ಳಿ ತಿನ್ನುವವರನ್ನು ಕಂಡು ನಗುವುದೆಂದರೆ!

ನಾನು ಕಳುಹಿಸುವುದು ಮುಳ್ಳಿಲ್ಲದ ತಳಿ. ಆ ಮಾತನ್ನು ಪೂರ್ತಿ ನಂಬಬೇಡ. ದೊಡ್ಡ ಮುಳ್ಳಿಲ್ಲ, ನಿಜ. ಎಲೆಯ ಕಣ್ಣುಗಳಲ್ಲಿ ಜೋಳದ ಸುಂಕಿನಂಥ ಸಣ್ಣ ಮುಳ್ಳು ಇದ್ದೇ ಇರುತ್ತದೆ. ಅದರ ತುದಿಗೆ ಹಿಮ್ಮುಖ ಕೊಕ್ಕೆ. ಚುಚ್ಚಿದರೆ ಉಜ್ಜಬೇಡ, ಅಂಟುಪಟ್ಟಿ ಒತ್ತಿ ಕೀಳು.

ಎಲೆ ಕೈಸೇರಿದ ದಿನವೇ ನೆಡುವ ಆತುರ ಬೇಡ. ಕಡಿದ ಜಾಗ ಒಣಗಿ ಗಟ್ಟಿಯಾಗುವ ತನಕ ಒಂದೆರಡು ವಾರ ನೆರಳಿನಲ್ಲಿಡು. ನಿಮ್ಮ ಅಕ್ಕಲಕೋಟೆಯ ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬುಡ ಕೊಳೆಯುತ್ತದೆ. ಮರಳು, ಗರಸು ಬೆರೆಸಿ ಸ್ವಲ್ಪ ದಿಬ್ಬ ಮಾಡಿ ನೆಡು. ಹಣ್ಣಿಗೆ ಎರಡು ಮೂರು ವರ್ಷ ಕಾಯಬೇಕು. ಪಲ್ಯಕ್ಕೆ ಅಷ್ಟು ಕಾಯಬೇಕಾಗಿಲ್ಲ.

ಪಲ್ಯಕ್ಕೆ ಅಂಗೈಯಗಲದ ಎಳೆ ಎಲೆಯೇ ಆಗಬೇಕು. ಬೆಳಗಿನ ಜಾವ ಕೊಯ್ದದ್ದು ಹುಳಿ, ಮಧ್ಯಾಹ್ನ ಕೊಯ್ದದ್ದು ಸಪ್ಪೆ. ಈ ಗಿಡ ರಾತ್ರಿಯ ಹೊತ್ತು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಅದನ್ನು ಮ್ಯಾಲಿಕ್ ಎಂಬ ಹುಳಿ ಆಮ್ಲವಾಗಿ ಕೂಡಿಡುತ್ತದೆ, ಬಿಸಿಲೇರಿದಂತೆ ಕರಗಿಸುತ್ತದೆ. ಹುಣಸೆಹಣ್ಣು ಉಳಿಸಬೇಕೆಂದರೆ ಹಲ್ಲುಜ್ಜುವ ಮೊದಲೇ ಕೊಯ್ದುಬಿಡು! ಅಂಚು ಕತ್ತರಿಸಿ, ಕಣ್ಣುಗಳನ್ನು ಚಾಕುವಿನಿಂದ ಹೆರೆದು, ಸಣ್ಣಗೆ ಹೆಚ್ಚಿ ಎಣ್ಣೆಯಿಲ್ಲದ ಕಬ್ಬಿಣದ ಬಾಣಲೆಗೆ ಹಾಕು. ಮೊದಲು ಲೋಳೆ ಬಿಟ್ಟು ನೊರೆನೊರೆಯಾಗುತ್ತದೆ, ಆಮೇಲೆ ಹಸಿರು ಮಾಸಿ ಲೋಳೆಯೂ ಆರುತ್ತದೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಅದಾದ ಮೇಲೆ. ಮೇಲೊಂದು ಹಿಡಿ ಶೇಂಗಾ ಪುಡಿ. ಬಿಸಿ ಜೋಳದ ರೊಟ್ಟಿ ಇದ್ದರೆ ನಕ್ಕವರೇ ತಟ್ಟೆ ಚಾಚುತ್ತಾರೆ.

ಹಣ್ಣನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಹೊರಳಿಸಿದರೆ ಸುಂಕು ಸುಡುತ್ತದೆ. ಸಿಪ್ಪೆ ಸುಲಿದು ತಿರುಳನ್ನು ಜರಡಿಯಲ್ಲಿ ಸೋಸು. ಬೀಜ ಕಲ್ಲಿನಷ್ಟು ಗಟ್ಟಿ, ಅತಿಯಾಗಿ ತಿಂದರೆ ಮಲಬದ್ಧತೆ ಖಂಡಿತ. ಬಣ್ಣ ಬೀಟ್‌ರೂಟಿನ ವರ್ಗದ್ದೇ. ಮರುದಿನ ಮೂತ್ರ ಕೆಂಪಾದರೆ ಅದೇ ಕಾರಣವಿರಬಹುದು.

ಒಂದು ಎಚ್ಚರಿಕೆ. ಎಲೆಯ ಮೇಲೆ ಬಿಳಿ ಹತ್ತಿಯ ಚೂರು ಕಂಡರೆ ಉಗುರಿನಿಂದ ಒತ್ತಿ ನೋಡು. ರಕ್ತಗೆಂಪು ಬಣ್ಣ ಬಂದರೆ ಅದು ಕಳ್ಳಿಯ ರಸ ಹೀರುವ ಕೀಟ. ಎಲ್ಲೆಲ್ಲೂ ಹಬ್ಬಿದ್ದ ಕಾಡುಕಳ್ಳಿಯನ್ನು ಅಡಗಿಸಲೆಂದು 1926ರಲ್ಲಿ ಈ ಜಾತಿಯ ಕೀಟವನ್ನು ಸಿಲೋನಿನಿಂದ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಸಾವಿರಾರು ಎಕರೆ ಕಳ್ಳಿ ಒಣಗಿತು. ನಿನ್ನ ನಾಲ್ಕು ಗಿಡ ಅದಕ್ಕೆ ಯಾವ ಲೆಕ್ಕ? ಕಂಡೊಡನೆ ಸಾಬೂನು ನೀರಿನಲ್ಲಿ ಉಜ್ಜಿ ತೊಳೆ. ಹೆಚ್ಚು ಹತ್ತಿದ್ದರೆ ಆ ಎಲೆಯನ್ನೇ ಕಡಿದು ಸುಡು.

ಗೋಣಿತಾಟಿನಲ್ಲಿ ಸುತ್ತಿ ಸೋಲಾಪುರದ ಬಸ್ಸಿಗೆ ಹಾಕಿಸುತ್ತೇನೆ. ಇಳಿಸಿಕೊಳ್ಳುವಾಗ ಬರಿಗೈ ಹಾಕಬೇಡ.

ನಿನ್ನ ಗೆಳೆಯ