ಪ್ರಾಥಮಿಕ ಶಾಲೆಯ ವಿಜ್ಞಾನ ಮಕ್ಕಳ ಕೈಗೆ ಬರಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಹತ್ತಿರವಾದಂತೆ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ಸಿದ್ಧತೆ ಶುರುವಾಗುತ್ತದೆ. ಥರ್ಮಾಕೋಲಿನ ಜ್ವಾಲಾಮುಖಿ, ಬಣ್ಣ ಬಳಿದ ಚೆಂಡುಗಳ ಸೌರವ್ಯೂಹ, ಮಳೆನೀರು ಕೊಯ್ಲಿನ ಮನೆ, ಈಚಿನ ವರ್ಷಗಳಲ್ಲಿ ಚಂದ್ರಯಾನದ ನೌಕೆ, ಎಲ್ಲವೂ ಸಾಲಾಗಿ ಮೇಜಿನ ಮೇಲೆ ಬಂದು ಕೂರುತ್ತವೆ. ಇವುಗಳಲ್ಲಿ ಎಷ್ಟೋ ಮಾದರಿಗಳನ್ನು ಅಪ್ಪ ಅಮ್ಮಂದಿರು ನಿದ್ದೆಗೆಟ್ಟು ಮಾಡಿಕೊಟ್ಟಿರುತ್ತಾರೆ, ಇಲ್ಲವೇ ಅಂಗಡಿಯಿಂದ ಸಿದ್ಧವಾಗಿಯೇ ತಂದಿರುತ್ತಾರೆ. ಪಕ್ಕದಲ್ಲಿ ನಿಂತ ಮಗು ಬಾಯಿಪಾಠ ಮಾಡಿದ ನಾಲ್ಕು ವಾಕ್ಯಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತದೆ. ‘ಅಡುಗೆ ಸೋಡಾಕ್ಕೆ ವಿನೆಗರ್ ಬದಲು ಹುಣಸೆಹುಳಿ ಹಾಕಿದರೂ ನೊರೆ ಬರುತ್ತದೆಯೇ?’ ಎಂದು ಯಾರಾದರೂ ಕೇಳಿದರೆ ಟೀಚರ ಮುಖ ನೋಡುತ್ತದೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತಳಾದ ನನಗೆ ಪ್ರತಿ ವರ್ಷವೂ ಆ ನೋಟ ಸಂಕಟ ತರುತ್ತದೆ. ಒಂದು ಚಮಚ ಹುಣಸೆರಸ ಹಾಕಿ ನೋಡಿಬಿಟ್ಟರೆ ಉತ್ತರ ಸಿಗುವ ಪ್ರಶ್ನೆ ಅದು. ಹಾಕಿ ನೋಡಬಹುದು ಎಂಬ ಯೋಚನೆಯೇ ಆ ಮಗುವಿಗೆ ಬಂದಿಲ್ಲವಲ್ಲ ಎಂಬುದು ನನ್ನ ಚಿಂತೆ.

ಈ ದಿನ ಯಾರ ಶೋಧದ ನೆನಪಿಗಾಗಿ ಮೀಸಲಾಗಿದೆಯೋ ಆ ಸಿ.ವಿ. ರಾಮನ್ ಅವರ ಕೆಲಸ ಹೇಗೆ ಆರಂಭವಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು. 1921ರಲ್ಲಿ ಹಡಗಿನಲ್ಲಿ ಪ್ರಯಾಣಿಸುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಮನಸ್ಸನ್ನು ಹಿಡಿಯಿತು. ಆಕಾಶದ ಬಣ್ಣವೇ ನೀರಿನಲ್ಲಿ ಪ್ರತಿಫಲಿಸುತ್ತದೆ ಎಂಬ ಆಗಿನ ವಿವರಣೆಯನ್ನು ಒಪ್ಪಿ ಸುಮ್ಮನಾಗದೆ, ಜೊತೆಯಲ್ಲಿದ್ದ ಪುಟ್ಟ ಪಟ್ಟಕವೊಂದರ (ಪ್ರಿಸಂ) ಮೂಲಕ ನೋಡಿ ಅವರು ಅದನ್ನು ಹಡಗಿನಲ್ಲೇ ಪರೀಕ್ಷಿಸಿದರು. ಬೆಳಕಿನ ಚದುರುವಿಕೆಯ ಕುರಿತ 1928ರ ಶೋಧಕ್ಕೆ (ರಾಮನ್ ಪರಿಣಾಮ) ದಾರಿಯಾದ ಪ್ರಯೋಗಗಳಲ್ಲೂ ಕೋಲ್ಕತ್ತದ ಪ್ರಯೋಗಾಲಯದಲ್ಲಿ ಮೊದಲಿಗೆ ಬಳಕೆಯಾದದ್ದು ಸೂರ್ಯನ ಬೆಳಕು, ಬಣ್ಣದ ಸೋಸುಗಾಜುಗಳು ಮತ್ತು ಬರಿಗಣ್ಣು. ಕಂಡದ್ದರ ಬಗ್ಗೆ ಪ್ರಶ್ನೆ ಎತ್ತುವುದು, ಕೈಗೆ ಸಿಕ್ಕ ಸಾಧನದಿಂದ ಅದನ್ನು ಪರಿಶೀಲಿಸುವುದು: ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಇವೆರಡೂ ಸಾಧ್ಯ. ಇದಕ್ಕೆ ನಾನು ಕೇಳುವುದು ವಾರಕ್ಕೆ ಒಂದೇ ಒಂದು ತಾಸು. ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನಕ್ಕೆ ಹಾಕುವ ಶ್ರಮವನ್ನು ಆ ವಾರದ ತಾಸಿಗೆ ಹಂಚಿದರೆ ಸಾಕು, ಹೊಸದಾಗಿ ದೊಡ್ಡ ಯೋಜನೆಯೇನೂ ಬೇಕಿಲ್ಲ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿಯ ಕಾಗದಕ್ಕೆ ಬಳಿದು ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿ ಮಕ್ಕಳಿಗೆ ಕೊಡಬೇಕು. ಬಟ್ಟೆ ಸೋಪಿನ ನೀರು ಒಂದು ಹನಿ ಬಿದ್ದ ಕೂಡಲೇ ಹಳದಿ ಪಟ್ಟಿ ಕೆಂಪಾಗುತ್ತದೆ, ಅದೇ ಜಾಗಕ್ಕೆ ನಿಂಬೆರಸ ಹಾಕಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಇಷ್ಟಾಗುವುದೇ ತಡ, ತರಗತಿಯಲ್ಲಿ ಮಾತು ಶುರು. ಆರತಿ ತಟ್ಟೆಯ ಅರಿಶಿನದ ನೀರಿಗೆ ಸುಣ್ಣ ಹಾಕಿ ಅಜ್ಜಿ ಕೆಂಪು ಮಾಡುವುದನ್ನು ಒಬ್ಬಳು ನೆನಪಿಸುತ್ತಾಳೆ. ಬಿಳಿ ಅಂಗಿಯ ಮೇಲೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದೊಡನೆ ಕೆಂಪಾಗುವುದನ್ನು ಇನ್ನೊಬ್ಬ ಹೇಳುತ್ತಾನೆ. ಆಗ ಮಕ್ಕಳನ್ನು ಅವರ ಪಾಡಿಗೆ ಬಿಡಬೇಕು. ಮೊಸರು, ಉಪ್ಪುನೀರು, ಸೀಗೆಪುಡಿ, ಅಡುಗೆ ಸೋಡಾ, ಶಾಂಪೂ ಎಂದು ಮನೆಯಲ್ಲಿರುವುದನ್ನೆಲ್ಲ ಅವರು ತಂದು ಪರೀಕ್ಷಿಸುತ್ತಾರೆ. ಸೋಪಿಗೆ ಕೆಂಪಾದ ಪಟ್ಟಿ ಬಹುತೇಕ ಶಾಂಪೂಗಳಿಗೆ ಹಳದಿಯಾಗಿಯೇ ಉಳಿದಾಗ ಅವರಿಗೆ ಆಗುವ ಆಶ್ಚರ್ಯ ನಿಜವಾದದ್ದು, ಏಕೆಂದರೆ ಎರಡೂ ನೊರೆ ಬರುವ, ಕೊಳೆ ತೆಗೆಯುವ ವಸ್ತುಗಳು. ‘ಹಾಗಾದರೆ ಇವೆರಡಕ್ಕೂ ಎಲ್ಲಿ ವ್ಯತ್ಯಾಸ?’ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಆಮ್ಲ, ಕ್ಷಾರ ಎಂಬ ಹೆಸರುಗಳು ಮುಂದೆ ಹಿರಿಯ ತರಗತಿಯಲ್ಲಿ ಬರಲಿ. ಅವು ಬರುವ ಹೊತ್ತಿಗೆ ಈ ಮಕ್ಕಳ ಬಳಿ ಆ ಹೆಸರುಗಳಿಗಾಗಿ ಕಾದಿರುವ ಅನುಭವವೊಂದು ಇರುತ್ತದೆ. (ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬಾರದು, ಕಣ್ಣಿಗೆ ಬಿದ್ದರೆ ಅಪಾಯ. ಅದನ್ನು ಶಿಕ್ಷಕರೇ ಮಾಡಿ ತೋರಿಸಬೇಕು.)

ಖರ್ಚೇ ಇಲ್ಲದ ಇನ್ನೊಂದು ಪ್ರಯೋಗ ಶಾಲೆಯ ಅಂಗಳದಲ್ಲಿದೆ. ನೆಟ್ಟಗೆ ಒಂದು ಕೋಲು ನೆಟ್ಟು, ಬೆಳಿಗ್ಗೆಯಿಂದ ಅದರ ನೆರಳಿನ ತುದಿಗೆ ಕಲ್ಲು ಇಡುತ್ತ ಬಂದರೆ, ಹನ್ನೆರಡು ಗಂಟೆಗೆ ನೆರಳು ಅತ್ಯಂತ ಚಿಕ್ಕದಾಗುತ್ತದೆ ಎಂದು ನಂಬಿದ್ದ ಮಕ್ಕಳು ಬೆರಗಾಗುತ್ತಾರೆ. ಭಾರತದ ಗಡಿಯಾರವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ. ನಮ್ಮ ಶಿವಮೊಗ್ಗ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿರುವುದರಿಂದ, ಡಿಗ್ರಿಗೆ 4 ನಿಮಿಷದಂತೆ ಇಲ್ಲಿಯ ನಡುಹಗಲು ಗಡಿಯಾರದ ಹನ್ನೆರಡಕ್ಕಿಂತ ಹೆಚ್ಚುಕಡಿಮೆ ಅರ್ಧ ತಾಸು ತಡ. ಭೂಮಿಯ ಕಕ್ಷೆ ಮತ್ತು ವಾಲಿಕೆಯ ಕಾರಣದಿಂದ ಅದರಲ್ಲೂ ಏರಿಳಿತವಿದ್ದು, ನವೆಂಬರ್ ಮೊದಲ ವಾರದಲ್ಲಿ ಸುಮಾರು 12.10ಕ್ಕೆ ಬರುವ ನಡುಹಗಲು ಫೆಬ್ರುವರಿಯಲ್ಲಿ 12.40ರ ಆಸುಪಾಸಿಗೆ ಸರಿಯುತ್ತದೆ. ನಾಲ್ಕನೆಯ ತರಗತಿಯ ಮಗುವಿಗೆ ಈ ಲೆಕ್ಕವೆಲ್ಲ ಬೇಕಾಗಿಲ್ಲ. ತಾನು ಇಟ್ಟ ಕಲ್ಲುಗಳೇ ಗಡಿಯಾರಕ್ಕಿಂತ ಬೇರೆ ಮಾತು ಹೇಳುತ್ತಿವೆ ಎಂಬುದನ್ನು ಕಂಡರೆ ಸಾಕು. ಮಧ್ಯಾಹ್ನ ನೆರಳು ಕಾಲಡಿಗೆ ಬರುತ್ತದೆ ಎಂಬ ಮಾತೂ ಹೀಗೆಯೇ: ನಮ್ಮ ರಾಜ್ಯದ ಯಾವುದೇ ಊರಿನಲ್ಲಿ ಅದು ನಿಜವಾಗುವುದು ವರ್ಷಕ್ಕೆ ಎರಡು ಬಾರಿ. ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತದೆ. ಏಪ್ರಿಲ್‌ನಲ್ಲಿ ಮಕ್ಕಳಿಗೆ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಈ ದಿನ ಬೀದರಿನಲ್ಲಿ ತಿಂಗಳ ಆರಂಭಕ್ಕೇ ಬಂದು, ದಕ್ಷಿಣಕ್ಕೆ ಇಳಿಯುತ್ತ ಚಾಮರಾಜನಗರ ತಲುಪಲು ಸುಮಾರು ಮೂರು ವಾರ ತೆಗೆದುಕೊಳ್ಳುತ್ತದೆ. ಮಲೆನಾಡಿನ ಮೋಡ ಅಂದು ಸೂರ್ಯನನ್ನು ತೋರಿಸದೇ ಇರಬಹುದು, ಆದರೆ ಬಯಲುಸೀಮೆಯ ಶಾಲೆಗಳಿಗೆ ಅವಕಾಶ ಹೆಚ್ಚು. ಬೀದರಿನ ಒಂದು ಶಾಲೆಯ ಮಕ್ಕಳು ತಮ್ಮ ಅಳತೆಯನ್ನು ಬರೆದು ಚಾಮರಾಜನಗರದ ಶಾಲೆಗೆ ಪತ್ರ ಕಳುಹಿಸಿದರೆ ಭೂಗೋಳದ ಪಾಠವೂ ಅದರಲ್ಲೇ ಆಗುತ್ತದೆ.

ಇದೆಲ್ಲ ಕೇಳಲು ಚೆಂದ, ಎರಡೇ ಶಿಕ್ಷಕರಿರುವ ಶಾಲೆಯಲ್ಲಿ ಹೇಗೆ ಸಾಧ್ಯ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಐದು ತರಗತಿಗಳನ್ನು ಇಬ್ಬರು ನಿಭಾಯಿಸುತ್ತ, ಬಿಸಿಯೂಟ, ಹಾಲು, ಗಣತಿ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಗಳ ನಡುವೆ ಉಸಿರಾಡಲೂ ಬಿಡುವಿಲ್ಲದವರಿಗೆ ಇನ್ನೊಂದು ಹೊರೆ ಹೊರಿಸುವುದು ನನ್ನ ಉದ್ದೇಶವಲ್ಲ. ಆದರೆ ನಾನು ಕಂಡಂತೆ, ಸಮಯದ ಕೊರತೆಗಿಂತ ದೊಡ್ಡ ತಡೆ ಎರಡಿವೆ. ಮಕ್ಕಳು ಎದ್ದು ಓಡಾಡಿ ಮಾತಾಡುವ ತರಗತಿಯನ್ನು ಮೇಲ್ವಿಚಾರಣೆಗೆ ಬಂದವರು ಶಿಸ್ತಿಲ್ಲದ ತರಗತಿ ಎಂದು ಬಗೆಯುತ್ತಾರೆಂಬ ಅಂಜಿಕೆ ಒಂದು. ಮಗು ಕೇಳಿದ್ದಕ್ಕೆ ತನಗೆ ಉತ್ತರ ಗೊತ್ತಿಲ್ಲದಿದ್ದರೆ ಏನು ಗತಿ ಎಂಬ ಅಳುಕು ಇನ್ನೊಂದು. ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಬಂದ ಶಿಕ್ಷಕರಲ್ಲಿ ಈ ಎರಡನೆಯದು ಹೆಚ್ಚು. ಅವರಿಗೆ ಬೇಕಾದದ್ದು ‘ನನಗೂ ಗೊತ್ತಿಲ್ಲ, ಮಾಡಿ ನೋಡೋಣ’ ಎಂದು ತರಗತಿಯಲ್ಲಿ ಧೈರ್ಯವಾಗಿ ಹೇಳುವ ಅವಕಾಶ. ತರಬೇತಿಯ ಪಿಪಿಟಿಗಳಿಂದ ಆ ಧೈರ್ಯ ಬರುವುದಿಲ್ಲ, ಅರಿಶಿನದ ಪಟ್ಟಿಯನ್ನು ತಾವೇ ಮಾಡಿ ನೋಡಿದಾಗ ಬರುತ್ತದೆ.

ಸರ್ಕಾರಿ ಶಾಲೆಗಳಲ್ಲಿ ಇದು ಆಗದ ಮಾತು ಎನ್ನುವವರು ಮಧ್ಯಪ್ರದೇಶದ ಹೋಶಂಗಾಬಾದ್‌ನತ್ತ (ಈಗಿನ ನರ್ಮದಾಪುರಂ) ನೋಡಬೇಕು. 1972ರಲ್ಲಿ ಅಲ್ಲಿಯ 16 ಮಾಧ್ಯಮಿಕ ಶಾಲೆಗಳಲ್ಲಿ, ಆರರಿಂದ ಎಂಟನೆಯ ತರಗತಿಯ ಮಕ್ಕಳು ಪ್ರಯೋಗ ಮಾಡುತ್ತಲೇ ವಿಜ್ಞಾನ ಕಲಿಯುವ ಕಾರ್ಯಕ್ರಮ ಆರಂಭವಾಗಿ, ಮುಂದೆ ನೂರಾರು ಸರ್ಕಾರಿ ಶಾಲೆಗಳಿಗೆ ಹಬ್ಬಿತು. 1978ರಲ್ಲಿ ಅಲ್ಲಿಗೆ ಬಂದ ಎಂಜಿನಿಯರ್ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿಗಳನ್ನೂ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳನ್ನೂ ಜೋಡಿಸಿ ಆಕೃತಿಗಳನ್ನು ಮಾಡುವ ಕ್ರಮ ರೂಪಿಸಿದರು. ಮೂರು ಕಡ್ಡಿಯ ತ್ರಿಕೋನವನ್ನು ಎಷ್ಟು ಒತ್ತಿದರೂ ಅದು ಆಕಾರ ಬಿಡುವುದಿಲ್ಲ, ನಾಲ್ಕು ಕಡ್ಡಿಯ ಚೌಕ ಮಾತ್ರ ಬೆರಳು ತಾಗಿದರೆ ಓರೆಯಾಗುತ್ತದೆ. ಇದನ್ನು ಮಾಡಿದ ಮಗು ಹಂಚಿನ ಮಾಡಿನ ಕೆಳಗೆ ನಿಂತು ಮೇಲೆ ನೋಡಿದಾಗ, ಬಡಗಿ ಮರವನ್ನು ತ್ರಿಕೋನವಾಗಿಯೇ ಏಕೆ ಕಟ್ಟಿದ ಎಂಬುದು ಅದಕ್ಕೆ ತಾನಾಗಿ ಹೊಳೆಯುತ್ತದೆ. ಹೋಶಂಗಾಬಾದ್‌ನವರು ಮಾಡಿದ ಬಹುಮುಖ್ಯ ಕೆಲಸವೆಂದರೆ ಪರೀಕ್ಷೆಯನ್ನೇ ಬದಲಾಯಿಸಿದ್ದು: ಪುಸ್ತಕ ತೆರೆದಿಟ್ಟು ಬರೆಯುವ ಪ್ರಶ್ನೆಪತ್ರಿಕೆ, ಅದರ ಜೊತೆಗೆ ಪ್ರಯೋಗ ಪರೀಕ್ಷೆ. ಶಿಕ್ಷಕರು ಆಗಾಗ ಒಂದೆಡೆ ಸೇರಿ ತರಗತಿಯ ಕಷ್ಟಗಳನ್ನು ಚರ್ಚಿಸುವ ಸಭೆಗಳೂ ಅಲ್ಲಿದ್ದವು. ಮೂರು ದಶಕ ನಡೆದ ಆ ಕಾರ್ಯಕ್ರಮವನ್ನು 2002ರಲ್ಲಿ ಅಲ್ಲಿಯ ಸರ್ಕಾರವೇ ನಿಲ್ಲಿಸಿದ್ದು ದೇಶದ ಶಿಕ್ಷಣಕ್ಕೆ ಆದ ನಷ್ಟವೆಂದೇ ನಾನು ಭಾವಿಸುತ್ತೇನೆ.

ನಮ್ಮ ರಾಜ್ಯಕ್ಕೂ ಇಂಥ ಪ್ರಯತ್ನಗಳು ಹೊಸವಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಮುಂದೆ ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಬೆಂಚಿನಿಂದ ಇಳಿಸಿ ಗುಂಪಿನಲ್ಲಿ ಕೂರಿಸಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಸಂಚಾರಿ ಪ್ರದರ್ಶನ ಬಸ್ಸು, ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಹಳ್ಳಿಯ ಮಕ್ಕಳವರೆಗೆ ತಲುಪಿವೆ. 2023ರ ಕಲಿಕಾ ಹಬ್ಬದಲ್ಲಿ ‘ಕಾಗದ ಕತ್ತರಿ’, ‘ಮಾಡು ಆಡು’, ‘ಊರು ತಿಳಿಯೋಣ’ ಎಂಬ ಮೂಲೆಗಳಲ್ಲಿ ಮಕ್ಕಳು ಮೈಮರೆತದ್ದನ್ನು ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆದರೆ ಹಬ್ಬ ಮುಗಿದ ಮೇಲೆ ಸೋಮವಾರ ಅದೇ ಮಕ್ಕಳು ಪರಿಸರ ಅಧ್ಯಯನದ ಪ್ರಶ್ನೋತ್ತರವನ್ನು ಕಪ್ಪು ಹಲಗೆಯಿಂದ ನಕಲು ಮಾಡುತ್ತಿದ್ದರು. ನಲಿಕಲಿಯಲ್ಲಿ ಬೆಳೆದ ಮಗು ನಾಲ್ಕನೆಯ ತರಗತಿಗೆ ಬಂದ ಕೂಡಲೇ ಪಠ್ಯ, ನೋಟ್ಸ್, ಬಾಯಿಪಾಠಕ್ಕೆ ಬಂದು ನಿಲ್ಲುತ್ತದೆ. ಕೈಗೆ ಕೆಲಸ ಕೊಡಬೇಕಾದ ವಯಸ್ಸೇ ಅದು.

ಆದ್ದರಿಂದ ಶಿಕ್ಷಣ ಇಲಾಖೆಯ ಮುಂದೆ ನನ್ನ ಕೋರಿಕೆ ಹೀಗಿದೆ. ನಾಲ್ಕು ಮತ್ತು ಐದನೆಯ ತರಗತಿಯ ಪರಿಸರ ಅಧ್ಯಯನದ ಅವಧಿಗಳಲ್ಲಿ ವಾರಕ್ಕೆ ಒಂದನ್ನು ಮಾಡಿ ನೋಡುವ ತಾಸೆಂದು ವೇಳಾಪಟ್ಟಿಯಲ್ಲೇ ಗುರುತಿಸಬೇಕು. ಆ ತಾಸಿನಲ್ಲಿ ನೋಟ್ಸ್ ಬರೆಸುವುದಾಗಲಿ ಬೇರೆ ವಿಷಯದ ಉಳಿಕೆ ಪಾಠ ಮಾಡುವುದಾಗಲಿ ಕೂಡದು. ವರ್ಷದ ನಡುನಡುವೆ ತರಗತಿಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳಲ್ಲಿ ಒಂದು ಪಾಲು, ಮಗು ತಾನು ಮಾಡಿದ್ದನ್ನು ತನ್ನದೇ ಮಾತಿನಲ್ಲಿ, ಚಿತ್ರ ಬರೆದು ಹೇಳುವುದಕ್ಕೆ ಮೀಸಲಾಗಲಿ. ಅಂದುಕೊಂಡಂತೆ ಆಗದ ಪ್ರಯೋಗವನ್ನು ಆದ ಹಾಗೆಯೇ ಬರೆದ ಮಗುವಿಗೆ ಪೂರ್ತಿ ಅಂಕ ಸಿಗಬೇಕು. ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಸುತ್ತೋಲೆ ಓದುವ ಹೊತ್ತನ್ನು ಸ್ವಲ್ಪ ಕಡಿತಗೊಳಿಸಿ, ಸಿಆರ್‌ಪಿಗಳ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ) ನೇತೃತ್ವದಲ್ಲಿ ಶಿಕ್ಷಕರೇ ಮುಂದಿನ ತಿಂಗಳ ಪ್ರಯೋಗಗಳನ್ನು ಮಾಡಿ ನೋಡುವಂತಾಗಲಿ. ಸಾಮಗ್ರಿಗೆ ಟೆಂಡರ್ ಕರೆಯುವ ಅಗತ್ಯವಿಲ್ಲ. ಭೂತಗನ್ನಡಿ, ಅಯಸ್ಕಾಂತ, ಉಷ್ಣಮಾಪಕ, ಅಳತೆಪಟ್ಟಿ, ಇವಿಷ್ಟನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಶಾಲಾ ಅನುದಾನದಲ್ಲಿಯೇ ಕೊಳ್ಳಬಹುದು, ಉಳಿದದ್ದೆಲ್ಲ ಮಕ್ಕಳ ಮನೆಯಿಂದ ಬರುತ್ತದೆ. ಕೊಂಡ ಭೂತಗನ್ನಡಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗದೊಳಗೆ ಕೂರದಿರಲಿ ಎಂಬುದನ್ನೂ ಸೇರಿಸುತ್ತೇನೆ. ಒಡೆದರೆ ಯಾರು ಹೊಣೆ ಎಂಬ ಭಯವನ್ನು ಇಲಾಖೆಯೇ ಸ್ಪಷ್ಟ ಆದೇಶದ ಮೂಲಕ ದೂರ ಮಾಡಬೇಕು.

ಪೋಷಕರಲ್ಲಿಯೂ ಒಂದು ವಿನಂತಿ. ಮುಂದಿನ ಪ್ರದರ್ಶನಕ್ಕೆ ನಿಮ್ಮ ಮಗು ತಾನೇ ಮಾಡಿದ ಸೊಟ್ಟಂಪಟ್ಟ ಗಾಳಿಗಿರಣಿಯನ್ನೋ, ಹತ್ತು ದಿನ ಹೆಸರುಕಾಳಿನ ಮೊಳಕೆಯನ್ನು ಅಳೆದು ಬರೆದ ಹಾಳೆಯನ್ನೋ ಕೊಂಡೊಯ್ಯಲಿ. ಶಾಲೆಗಳು ಮೇ ಕೊನೆಯಲ್ಲಿ ತೆರೆಯುವ ಮೊದಲೇ ವೇಳಾಪಟ್ಟಿಯ ಆದೇಶ ಹೊರಬಿದ್ದರೆ ಜೂನ್ ತಿಂಗಳ ಮೊದಲ ವಾರದಿಂದಲೇ ಈ ತಾಸನ್ನು ಆರಂಭಿಸಲು ಶಿಕ್ಷಕರಿಗೆ ಸಾಧ್ಯವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ